ಹುಣಸೆಮರ ಕಂಡಾಗ ಬಿಡು

ನ್ಯಾಮತಿ
12-3-1973

ಸ್ನೇಹಿತ ದುರುಗಪ್ಪನಿಗೆ ಖಲಂದರ್ ಮಾಡುವ ಸಲಾಮು.

ಇಲ್ಲಿ ಕುಲುಮೆ ಉರಿಯುತ್ತಿದೆ. ಅಂದರೆ ನಾವೆಲ್ಲ ಚೆನ್ನಾಗಿದ್ದೇವೆ ಎಂದು ತಿಳಿದುಕೋ.

ನಾನು ಈವರೆಗೆ ಯಾರಿಗೂ ಕಾಗದ ಬರೆದವನಲ್ಲ. ನಾಲ್ಕನೇ ಕ್ಲಾಸು ಮುಗಿಸಿ ತಿದಿ ಒತ್ತಲು ಕೂತವನು ನಾನು. ಮೂರು ಇನ್‌ಲ್ಯಾಂಡ್ ಹಾಳು ಮಾಡಿ ಇದು ನಾಲ್ಕನೆಯದು. ತಪ್ಪು ಕಂಡರೆ ನಿನ್ನ ಮಿಲಿಟರಿಯವರಿಗೆ ತೋರಿಸಬೇಡ, ನಾಚಿಕೆಯಾಗುತ್ತದೆ.

ಈ ವರ್ಷವೂ ನಿಮ್ಮ ಬಿಳಿಚೋಡಿನ ಕುರಿಗಳು ಬಂದವು. ಭತ್ತ ಕೊಯ್ದ ಗದ್ದೆಗಳಲ್ಲಿ ಮಂದೆ ಬಿಟ್ಟಿದ್ದಾರೆ. ನಿನ್ನ ಮಾವ ಗಿಡ್ಡಪ್ಪ ಉಣ್ಣೆ ಕತ್ತರಿಗೆ ಸಾಣೆ ಹಿಡಿಸಲು ಬಂದಾಗ ನಿನ್ನ ವಿಳಾಸ ಕೊಟ್ಟ. ಕತ್ತರಿ ಹಿಡಿದು ಬರುತ್ತಿದ್ದವನು ನೀನು. ಈ ಸಲ ಗಿಡ್ಡಪ್ಪನನ್ನು ಕಂಡು ಅಬ್ಬಾ ಸುಮ್ಮನೆ ಕಬ್ಬಿಣ ಬಡಿಯುವ ಅಡಿಗಲ್ಲಿನ ಕಡೆ ನೋಡಿದರು. ಅದರ ಕೆಳಗಿನ ಕಸ ಗುಡಿಸಲು ನೀನು ಅದನ್ನು ಒಂದೇ ಕೈಯಲ್ಲಿ ಎತ್ತಿದ್ದೆಯಲ್ಲ, ಆಮೇಲೆ ಆ ಕಸವನ್ನು ಯಾರೂ ಗುಡಿಸಿಲ್ಲ.

ಡ್ರಿಲ್ ಮೇಷ್ಟ್ರು ತಿಪ್ಪೇರುದ್ರಸ್ವಾಮಿಯವರು ಈಗಲೂ ಆ ಕಥೆ ಹೇಳಿ ನಗುತ್ತಾರೆ. ನೀನು ಅಡಿಗಲ್ಲು ಎತ್ತಿದ್ದನ್ನು ನೋಡಿ, "ಇವನಿಗೆ ಸುತ್ತಿಗೆ ಎಸೆತ ಕಲಿಸಬೇಕು, ದೇಶದೇಶದೋರು ಸೇರಿ ಆಡೋ ಆಟ ಅದು" ಎಂದು ಹೇಳಿ ಹೋದರು. ಅಬ್ಬಾ ಎರಡು ದಿನ ಕೂತು ಸಮ್ಮಟಿಗೆಯನ್ನೇ ಮಾಡಿಬಿಟ್ಟರು. ಜಾಲಿ ಮರದ ಹಿಡಿ ಹಾಕಿದರು. ನೀನು ಅದನ್ನು ತಿರುಗಿಸಿ ಎಸೆದೆ. ತಲೆ ಒಂದು ಕಡೆ, ಹಿಡಿ ಒಂದು ಕಡೆ ಹೋಯಿತು. ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ಕೂತರು.

"ಅಯ್ಯೋ ಇಮಾಮ್‌ಸಾಬ್ರೇ, ಸುತ್ತಿಗೆ ಅಂದ್ರೆ ಸುತ್ತಿಗೆ ಅಲ್ರೀ!"

"ಮತ್ತೇನ್ರೀ ಸ್ವಾಮಿ, ಸುತ್ತಿಗೆ ಅಂದ್ರೆ ಸುತ್ತಿಗೆ ಅಲ್ದೆ ಕೊಡಲಿನಾ?"

ಆಮೇಲೆ ಅವರು ಪೇಪರಿನ ಚಿತ್ರ ತಂದು ತೋರಿಸಿದರು. ಕಬ್ಬಿಣದ ಗುಂಡು, ಅದಕ್ಕೆ ತಂತಿ, ತಂತಿಯ ತುದಿಗೆ ಹಿಡಿ. ಮುರಿದ ಗಾಡಿ ಅಚ್ಚನ್ನು ಕಾಯಿಸಿ ಬಡಿದು ಅಬ್ಬಾ ಗುಂಡು ಮಾಡಿದರು. ಬಾವಿ ರಾಟೆಯ ತಂತಿ, ಬಕೆಟ್ಟಿನ ಹಿಡಿ. ಅದು ಈಗಲೂ ಗೂಟಕ್ಕೆ ನೇತಾಡುತ್ತಿದೆ.

ನೀನು ಅಂಗಳದಲ್ಲಿ ತಿರುಗುವಾಗ ಎದುರಿಗೆ ನಮ್ಮ ಕುಲುಮೆಯ ಹೆಂಚು, ಅದರ ಎಡಕ್ಕೆ ಹುಣಸೆಮರ. ಹೆಂಚು ಒಡೆದೀತು ಎಂದು ನಾನು ಪ್ರತಿ ಸಲವೂ ಕೂಗುತ್ತಿದ್ದೆ, "ಹೆಂಚು ಕಂಡಾಗ ಬಿಡಬ್ಯಾಡ ದುರುಗಾ, ಹುಣಸೆಮರ ಕಂಡಾಗ ಬಿಡು!" ನಿನಗೆ ಅದು ಎಷ್ಟು ರೂಢಿಯಾಯಿತೆಂದರೆ ಕೊನೆಗೆ ಕಣ್ಣು ಮುಚ್ಚಿ ಬಿಟ್ಟರೂ ಗುಂಡು ಮರದ ಬುಡಕ್ಕೇ ಹೋಗುತ್ತಿತ್ತು. ಮರದ ಮೈಮೇಲಿನ ಗಾಯ ಹಾಗೇ ಇದೆ.

ಅಬ್ಬಾ ಕೇಳುತ್ತಿದ್ದಾರೆ, ಅಲ್ಲಿ ಗುಂಡು ಎಸೆಯಲು ಬಿಡುತ್ತಾರಾ, ಇಲ್ಲ ಬರೀ ಬಂದೂಕು ಹೊರಿಸುತ್ತಾರಾ?

ನಿನ್ನ
ಖಲಂದರ್


ಜಬಲ್ಪುರ
20-5-1973

ಖಲಂದರನಿಗೆ ದುರುಗಪ್ಪನ ನಮಸ್ಕಾರ.

ನಿನ್ನ ಕಾಗದ ಬಂತು. ಬ್ಯಾರಕ್ಕಿನಲ್ಲಿ ಕನ್ನಡ ಓದುವವನು ನಾನೊಬ್ಬನೇ. ಆದ್ದರಿಂದ ನಿನ್ನ ತಪ್ಪುಗಳನ್ನು ಯಾರೂ ನೋಡಲಿಲ್ಲ. ನಾನು ನೋಡಿದೆ, ಆದರೆ ಮೂರನೇ ಕ್ಲಾಸಿನವನು ನಾಲ್ಕನೇ ಕ್ಲಾಸಿನವನಿಗೆ ಏನು ತಿದ್ದಲಿ?

ಇಲ್ಲಿ ಗುಂಡು ಎಸೆಯಲು ಬಿಡುತ್ತಾರೆ. ಬಿಡುವುದೇನು, ಅದಕ್ಕೇ ಇಟ್ಟುಕೊಂಡಿದ್ದಾರೆ. ಗುಂಡಿಗೆ ತಿರುಗಣಿ ಇರುತ್ತದೆ, ತಂತಿ ಕೈ ಕೊಯ್ಯುವುದಿಲ್ಲ. ನಿಲ್ಲುವ ಕಡೆ ಸಿಮೆಂಟಿನ ಬಟ್ಟಲು. ಅಲ್ಲಿಂದ ಎರಡು ಸುಣ್ಣದ ಗೆರೆ ಹೊರಡುತ್ತವೆ, ಗಾಡಿಯ ಮೂಕಿಯ ಹಾಗೆ ಇಲ್ಲಿ ಕೂಡಿ ಮುಂದೆ ಅಗಲವಾಗುತ್ತವೆ.

ನಮ್ಮ ಉಸ್ತಾದರು ಪಂಜಾಬಿನವರು. "ನಿನಗೆ ಯಾರು ಕಲಿಸಿದ್ದು?" ಎಂದು ಕೇಳಿದರು. ಕಮ್ಮಾರ ಇಮಾಮ್‌ಸಾಬರು ಎಂದೆ. ಸಮ್ಮಟಿಗೆಯ ಕಥೆ ಹೇಳಿದೆ. ಅವರು ನಗಲಿಲ್ಲ ಖಲಂದರ್. ವಿಲಾಯತಿಯಲ್ಲಿ ಮೊದಮೊದಲು ಕಮ್ಮಾರರ ಸಮ್ಮಟಿಗೆಯನ್ನೇ ಎಸೆಯುತ್ತಿದ್ದರಂತೆ, ಮರದ ಹಿಡಿಯೇ ಇರುತ್ತಿತ್ತಂತೆ. ಗುಂಡು, ತಂತಿ ಎಲ್ಲ ಆಮೇಲೆ ಬಂದದ್ದು. ಅಬ್ಬಾಗೆ ಹೇಳು, ಅವರು ತಪ್ಪು ಮಾಡಿಲ್ಲ, ನೂರು ವರ್ಷ ತಡವಾಗಿ ಮಾಡಿದರು ಅಷ್ಟೇ.

ನನ್ನ ಮೇಲೆ ಉಸ್ತಾದರ ದೂರು ಒಂದೇ. ನಾನು ಒಂದು ಗಳಿಗೆ ತಡೆದು ಬಿಡುತ್ತೇನಂತೆ. ತಿರುಗುವಾಗ ಬೆತ್ತ ಹಿಡಿದು ನಿಲ್ಲುತ್ತಾರೆ, ತಡವಾದರೆ ಕಾಲಿಗೆ ಒಂದು ಬೀಳುತ್ತದೆ. ಹೋಗುತ್ತದೆ ಬಿಡು, ರೂಢಿ.

ನಮ್ಮವ್ವ ಉಡಚಮ್ಮ ಮುಂದಿನ ವರ್ಷ ಮಂದೆಯ ಜೊತೆ ಬಂದರೆ ಈ ಕಾಗದ ಓದಿ ಹೇಳು.

ದುರುಗಪ್ಪ


ನ್ಯಾಮತಿ
2-2-1975

ದುರುಗಪ್ಪನಿಗೆ ಸಲಾಮು.

ಕುಲುಮೆ ಉರಿಯುತ್ತಿದೆ.

ನಿನ್ನವ್ವ ಬಂದಿದ್ದಳು. ಕಾಗದ ಓದಿದೆ. ಬೆತ್ತದ ಮಾತು ಬಂದಾಗ, "ನನ್ನ ಮಗನ್ನ ಹೊಡಿಯಾಕೆ ಅವನ್ಯಾವನು, ಅವನ ಕೈ ಸೇದಿ ಹೋಗ" ಎಂದು ಬೈದಳು. ಆಮೇಲೆ, "ಅವನ ಉಸ್ತಾದ್ರು ಅಂದ್ರೆ ಗುರು ಕಣವ್ವಾ" ಎಂದು ಅಬ್ಬಾ ಹೇಳಿದ ಮೇಲೆ ನೆಲ ಮುಟ್ಟಿ ಕೆನ್ನೆಗೆ ಬಡಿದುಕೊಂಡಳು.

ತಿಪ್ಪೇರುದ್ರಸ್ವಾಮಿ ಮೇಷ್ಟ್ರಿಗೆ ಜಗಳೂರಿಗೆ ವರ್ಗ ಆಯಿತು. ಹೋಗುವಾಗ ಪೇಪರಿನ ಆ ಚಿತ್ರವನ್ನು ನನಗೆ ಕೊಟ್ಟರು. ಕುಲುಮೆಯ ಗೋಡೆಗೆ ಅಂಟಿಸಿದ್ದೆ, ಹೊಗೆ ಹಿಡಿದು ಈಗ ಗುಂಡು ಯಾವುದು ತಲೆ ಯಾವುದು ತಿಳಿಯುವುದಿಲ್ಲ.

ನಿನ್ನ ಹೆಸರು ಪೇಪರಿನಲ್ಲಿ ಬಂದರೆ ದಿನಾಂಕ ಬರೆ. ಹೊನ್ನಾಳಿಯಲ್ಲಿ ಹಳೆ ಪೇಪರು ಸಿಗುತ್ತದೆ.

ಖಲಂದರ್


ಜಬಲ್ಪುರ
8-9-1976

ಖಲಂದರನಿಗೆ,

ಸುದ್ದಿ ಇದೆ. ಕೊಲಂಬೊದಲ್ಲಿ ಮೂರು ನಾಲ್ಕು ದೇಶದವರು ಸೇರಿ ಒಂದು ಸ್ನೇಹಕೂಟ ಮಾಡುತ್ತಿದ್ದಾರೆ. ಇಂಥದ್ದು ಇದೇ ಮೊದಲ ಸಲವಂತೆ. ಗುಂಡೆಸೆತಕ್ಕೆ ನನ್ನನ್ನು ತೆಗೆದುಕೊಂಡಿದ್ದಾರೆ. ನೀಲಿ ಕೋಟು ಹೊಲಿಸಿದ್ದಾರೆ. ತೋಳು ಸಾಲದೆ ದರ್ಜಿ ಎರಡು ಸಲ ಬಿಚ್ಚಿದ.

ಉಸ್ತಾದರ ಬೆತ್ತ ನಿಂತು ಒಂದು ವರ್ಷವಾಯಿತು. ಈಗ ನೇರ ಬಿಡುತ್ತೇನೆ.

ಅಬ್ಬಾಗೆ ಹೇಳು. ಅವರು ಬಡಿದ ಗುಂಡು ಸಮುದ್ರ ದಾಟುತ್ತಿದೆ ಎಂದು ಹೇಳು. ಅವರ ಕೈ ಮುಟ್ಟಿ ಹೇಳು.

ದುರುಗಪ್ಪ


ಮದ್ರಾಸು
3-11-1976

ಖಲಂದರನಿಗೆ,

ಕೂಟ ಮುಗಿಯಿತು. ಹಡಗು ಇಳಿದು ರೈಲಿಗೆ ಕಾಯುತ್ತಿದ್ದೇವೆ.

ಮೂರು ಸಲ ಎಸೆದೆ. ಮೂರೂ ಸಲ ಗುಂಡು ಗೆರೆಯ ಆಚೆ ಬಿತ್ತು. ಉಸ್ತಾದರ ಕಣ್ಣಲ್ಲಿ ನೀರು ಬಂತು.

ಅಬ್ಬಾಗೆ ನೀನೇ ಓದಿ ಹೇಳು. ಇದಕ್ಕಿಂತ ಹೆಚ್ಚು ಬರೆಯಲು ಕೈ ಏಳುವುದಿಲ್ಲ.

ದುರುಗಪ್ಪ


ನ್ಯಾಮತಿ
20-11-1976

ನನ್ನ ಪ್ರೀತಿಯ ದುರುಗಪ್ಪನಿಗೆ ಇಡೀ ನ್ಯಾಮತಿಯ ಸಲಾಮು, ಶರಣು, ನಮಸ್ಕಾರ ಎಲ್ಲವೂ.

ಕುಲುಮೆ ಧಗಧಗ ಉರಿಯುತ್ತಿದೆ!

ನಿನ್ನ ಕಾಗದ ಬಂದಾಗ ಮಾರಪ್ಪನ ಗಾಡಿಯ ಗಾಲಿಗೆ ಕಬ್ಬಿಣದ ಪಟ್ಟಾ ಕೂರಿಸುತ್ತಿದ್ದೆವು. ಪಟ್ಟಾ ಕೂರಿಸುವುದನ್ನು ನೋಡಲು ಜನ ಸೇರುವುದು ನಿನಗೆ ಗೊತ್ತೇ ಇದೆ. ಹದಿನೈದು ಜನವಾದರೂ ಇದ್ದರು. ನಾನು ಎಂದೂ ಜನರ ಮುಂದೆ ಬಾಯಿ ತೆರೆದವನಲ್ಲ. ಅವತ್ತು ಏನಾಯಿತೋ, ಅಡಿಗಲ್ಲಿನ ಮೇಲೆ ಹತ್ತಿ ನಿಂತು ಗಟ್ಟಿಯಾಗಿ ಓದಿದೆ. ಮೂರು ಸಲ ಎಸೆದೆ, ಮೂರೂ ಸಲ ಗುಂಡು ಗೆರೆಯ ಆಚೆ ಬಿತ್ತು!

ಮಾರಪ್ಪ ರುಮಾಲು ತೆಗೆದು ಮೇಲಕ್ಕೆ ಎಸೆದ. "ಮೂರಕ್ಕೆ ಮೂರೂ ದಾಟಿಸ್ಯಾನೆ! ನಾವು ಕಲ್ಲುಗುಂಡು ಎಸಿಯಾಗ ಎದುರಿಗೆ ಎಳೆಯೋ ಅಡ್ಡಗೆರೆ ಒಂದು ಸಲ ದಾಟಿದ್ರೇ ಸಾಕು, ಊರೆಲ್ಲ ಹೊತ್ಕೊಂಡು ತಿರುಗ್ತಾರೆ."

ಇನ್ನೊಬ್ಬ, "ಇನ್ನೊಂದೀಟು ಜೋರಾಗಿ ಎಸೆದಿದ್ರೆ ಸಮುದ್ರ ಹಾರಿ ಹೊನ್ನಾಳಿ ಹೊಳೆಗೆ ಬೀಳ್ತಿತ್ತು, ಬಟ್ಟೆ ಒಗಿಯೋರಿಗೆ ತ್ರಾಸು" ಎಂದ.

ಎಲ್ಲರೂ ನಕ್ಕರು. ಅಬ್ಬಾ ಮಾತ್ರ ಇಕ್ಕಳ ಹಿಡಿದುಕೊಂಡೇ ಇದ್ದರು. ಅವರು ಕೇಳಿದ್ದು ಒಂದೇ ಪ್ರಶ್ನೆ.

"ಗೆರೆ ಎದುರಿಗಿತ್ತೋ, ಪಕ್ಕದಾಗಿತ್ತೋ?"

"ಗೆರೆ ಅಂದ್ರೆ ಗೆರೆ ಕಣ್ರೀ ಸಾಬ್ರೇ" ಎಂದ ಮಾರಪ್ಪ. ಮತ್ತೆ ನಗು. ಅಬ್ಬಾಗೆ ವಯಸ್ಸಾಯಿತು, ಏನೇನೋ ಕೇಳುತ್ತಾರೆ. ನನಗೇ ಸ್ವಲ್ಪ ನಾಚಿಕೆಯಾಯಿತು.

ಬೆಲ್ಲ ಹಂಚಿದೆವು. ಎಲ್ಲರೂ ಸೇರಿ ತಗಡಿನ ಬೋರ್ಡು ಬರೆಸಿದ್ದಾರೆ. ಕುಲುಮೆಯ ಸೂರಿಗೆ ಹಾಕಿದ್ದೇವೆ. "ಗೆರೆ ದಾಟಿಸಿದ ದುರುಗಪ್ಪ. ಸಮುದ್ರದಾಚೆ ಮೂರಕ್ಕೆ ಮೂರು. ಗುಂಡು ಮಾಡಿದವರು ಇಮಾಮ್‌ಸಾಬ್, ನ್ಯಾಮತಿ." ಅಕ್ಷರ ಕೆಂಪು, ಸುತ್ತ ಹಳದಿ.

ಉಸ್ತಾದರು ಸಂತೋಷದಿಂದ ಅತ್ತರು ಎಂದು ಓದಿದಾಗ ನಮ್ಮ ಅಮ್ಮಿಯೂ ಅತ್ತಳು. ರಜೆ ಸಿಕ್ಕ ಕೂಡಲೇ ಬಾ. ಬಂದು ಅಬ್ಬಾಗೆ ನಿನ್ನ ಬಾಯಿಂದಲೇ ಹೇಳು. ಅವರು ಅದಕ್ಕೇ ಕಾಯುತ್ತಿದ್ದಾರೆ.

ನಿನ್ನ
ಖಲಂದರ್


ಜಬಲ್ಪುರ
14-4-1977

ಖಲಂದರನಿಗೆ,

ಬೋರ್ಡು ಇಳಿಸು.

ದುರುಗಪ್ಪ


ನ್ಯಾಮತಿ
1-5-1977

ದುರುಗಪ್ಪನಿಗೆ ಸಲಾಮು.

ಐದು ತಿಂಗಳಿಗೆ ಎರಡೇ ಮಾತು ಬರೆದೆಯಲ್ಲ. ನಿನಗೆ ಹೊಗಳಿಕೆ ಸೇರುವುದಿಲ್ಲ ಎಂದು ನನಗೆ ಗೊತ್ತು. ಆದರೆ ಬೋರ್ಡು ನಿನ್ನೊಬ್ಬನದಲ್ಲ, ಅಬ್ಬಾರ ಹೆಸರೂ ಇದೆ. ಜನ ಬಿಡುವುದಿಲ್ಲ. ನಾನು ಇಳಿಸುವುದಿಲ್ಲ.

ಅಬ್ಬಾ ಹೋದ ತಿಂಗಳು ಒಬ್ಬರೇ ಬಸ್ಸು ಹತ್ತಿ ಜಗಳೂರಿಗೆ ಹೋಗಿ ಬಂದರು. ಯಾರದೋ ಕತ್ತರಿ ತಲುಪಿಸುವುದಿತ್ತು ಎಂದರು. ಒಂದು ಕತ್ತರಿಗಾಗಿ ಅಷ್ಟು ದೂರ ಹೋಗುವ ಮನುಷ್ಯರಲ್ಲ ಅವರು. ಬಂದ ಮೇಲೆ ಮಾತು ಕಡಿಮೆ ಮಾಡಿದ್ದಾರೆ. ಬಿಸಿಲು ಬಡಿದಿರಬೇಕು.

ನೀನು ಯಾವಾಗ ಬರುತ್ತೀ?

ಖಲಂದರ್


ನ್ಯಾಮತಿ
6-2-1979

ಶ್ರೀಮಾನ್ ದುರುಗಪ್ಪನವರಿಗೆ ಖಲಂದರ್ ಮಾಡುವ ಸಲಾಮುಗಳು.

ತಮಗೆ ನಾನು ಬರೆದ ನಾಲ್ಕು ಕಾಗದಕ್ಕೆ ಉತ್ತರವಿಲ್ಲ. ತಾವು ದೊಡ್ಡವರು. ತಮಗೆ ಸಮಯವಿಲ್ಲ ಎಂದುಕೊಂಡಿದ್ದೆ.

ನಿನ್ನೆ ಗಿಡ್ಡಪ್ಪ ಬಂದಿದ್ದ. ದುರುಗಪ್ಪ ಹೆಂಗಿದಾನೆ ಎಂದು ಕೇಳಿದೆ.

"ಚೆನ್ನಾಗಿದಾನೆ. ದೀಪಾವಳಿಗೆ ಬಂದು ತಿಂಗಳಿದ್ದು ಹೋದ್ನಲ್ಲ. ಅದರ ಹಿಂದಿನ ವರ್ಷನೂ ಬಂದಿದ್ದ. ಇಲ್ಲಿಗೆ ಬರ್ಲಿಲ್ವಾ?"

ಎದುರಿಗೆ ಅಬ್ಬಾ ಮಲಗಿದ್ದರು. ನಾನು, "ಬಂದಿದ್ದ, ನಾನೇ ಊರಾಗಿರ್ಲಿಲ್ಲ" ಎಂದು ಸುಳ್ಳು ಹೇಳಿದೆ. ಅಬ್ಬಾ ಕಣ್ಣು ಮುಚ್ಚಿದರು. ತಮ್ಮಿಂದಾಗಿ ನಾನು ತಂದೆಯ ಎದುರಿಗೆ ಸುಳ್ಳು ಹೇಳಿದೆ.

ಬಿಳಿಚೋಡಿನಿಂದ ಜಗಳೂರಿಗೆ, ದಾವಣಗೆರೆಗೆ, ಹೊನ್ನಾಳಿಗೆ, ಇಲ್ಲಿಗೆ ಬಸ್ಸು ಇದೆ. ಸಮುದ್ರ ದಾಟಿದವರಿಗೆ ಒಂದು ಹೊಳೆ ದಾಟಲು ಆಗಲಿಲ್ಲವೇ?

ಅಬ್ಬಾರ ಎದೆ ಸರಿಯಿಲ್ಲ. ಐವತ್ತು ವರ್ಷ ಹೊಗೆ ಕುಡಿದ ಎದೆ. ತಮ್ಮನ್ನು ಒಂದು ಸಲ ನೋಡಬೇಕು ಎನ್ನುತ್ತಾರೆ. ಬಂದರೆ ಬನ್ನಿ. ಬರದಿದ್ದರೆ ಇನ್ನು ನಾನು ಬರೆಯುವುದಿಲ್ಲ.

ಖಲಂದರ್, ಕುಲುಮೆ ಕೆಲಸದವನು


ನ್ಯಾಮತಿ
30-8-1979

ದುರುಗಪ್ಪನವರಿಗೆ,

ಕುಲುಮೆ ಉರಿಯುತ್ತಿಲ್ಲ.

ಅಬ್ಬಾ ಹೋದ ಶುಕ್ರವಾರ ತೀರಿಕೊಂಡರು. ತಿಳಿಸುವುದು ನನ್ನ ಕರ್ತವ್ಯ.

ಖಲಂದರ್


ಜಬಲ್ಪುರ
15-9-1979

ಖಲಂದರನಿಗೆ,

ಕಾಗದ ಬಂತು. ಎರಡು ದಿನ ಊಟ ಇಳಿಯಲಿಲ್ಲ. ಏನು ಬರೆಯಲಿ? ಬರೆದರೆ ಅದೂ ತಪ್ಪಾಗುತ್ತದೆ.

ದುರುಗಪ್ಪ


ನ್ಯಾಮತಿ
17-12-1982

ದುರುಗಾ,

ಮೂರು ವರ್ಷದ ಮೇಲೆ ಬರೆಯುತ್ತಿದ್ದೇನೆ. ಪೂರ್ತಿ ಓದು. ಆಮೇಲೆ ಹರಿದುಹಾಕು.

ಹೋದ ವಾರ ಚನ್ನಗಿರಿಗೆ ಹೋಗಿದ್ದೆ. ಅಲ್ಲಿ ಆಟದ ಕೂಟ ಇತ್ತು. ಬಲೆ ಕಟ್ಟಲು ಕಬ್ಬಿಣದ ಕಂಬ ಬೇಕೆಂದು ನನ್ನನ್ನು ಕರೆಸಿದ್ದರು. ಕಂಬ ನೆಟ್ಟ ಮೇಲೆ ಗುಂಡೆಸೆತ ಇದೆ ಎಂದರು. ನೋಡಿಯೇ ಹೋಗೋಣ ಎಂದು ನಿಂತೆ. ಇಷ್ಟು ವರ್ಷ ಆ ಆಟದ ಬೋರ್ಡಿನ ಕೆಳಗೆ ಕೂತವನು, ಆಟವನ್ನು ಕಣ್ಣಾರೆ ನೋಡಿದ್ದು ಅವತ್ತೇ.

ನೆಲದ ಮೇಲೆ ಎರಡು ಸುಣ್ಣದ ಗೆರೆ ಇದ್ದವು. ಗಾಡಿಯ ಮೂಕಿಯ ಹಾಗೆ. ನೀನು ಎಪ್ಪತ್ತಮೂರರಲ್ಲೇ ಬರೆದಿದ್ದೆ. ನಾನು ಓದಿದ್ದೆ, ನೋಡಿರಲಿಲ್ಲ. ಸಂತೇಬೆನ್ನೂರಿನ ಒಬ್ಬ ಗಟ್ಟಿಗ ಎಸೆದ. ಗುಂಡು ಹೋಗಿ ಎಡಗಡೆಯ ಗೆರೆಯ ಆಚೆ ಬಿತ್ತು. ನಾನು ಜೋರಾಗಿ ಚಪ್ಪಾಳೆ ಹೊಡೆದೆ. "ಶಾಬಾಸ್!" ಎಂದು ಕೂಗಿದೆ. ಇಡೀ ಮೈದಾನದಲ್ಲಿ ನನ್ನೊಬ್ಬನದೇ ಚಪ್ಪಾಳೆ.

ಪಕ್ಕದವನು ತಿರುಗಿ ನೋಡಿದ. "ಏ ಸಾಬ್ರೇ, ಕೆಂಪು ಬಾವುಟ ಎತ್ಯಾರೆ ಕಾಣಂಗಿಲ್ವಾ? ಔಟಾಗೈತೆ. ಅವನ ಮ್ಯಾಲೆ ಏನು ಹಗೆ ನಿಮಗೆ?"

"ಗೆರೆ ದಾಟ್ತಲ್ರೀ?"

"ದಾಟಬಾರದು ಕಣ್ರೀ! ಎರಡು ಗೆರೆ ನಡುವೆ ಬೀಳಬೇಕು. ದಾಟಿದ್ರೆ ಲೆಕ್ಕಕ್ಕಿಲ್ಲ. ಮೂರೂ ದಾಟಿದ್ರೆ ಮನಿಗೆ."

ಅವರೆಲ್ಲ ನಕ್ಕರು. ನಾನೂ ನಕ್ಕೆ. ನಗುತ್ತಲೇ ಹಿಂದೆ ಸರಿದು, ಉಪಕರಣದ ಚೀಲವನ್ನು ಅಲ್ಲೇ ಬಿಟ್ಟು, ಬಸ್ಸು ಹತ್ತಿದೆ.

ದುರುಗಾ, ನೀನು ಬರೆದದ್ದು ನಿಜವನ್ನೇ. ಸುಳ್ಳು ಮಾಡಿದವನು ನಾನು. ಅಡಿಗಲ್ಲಿನ ಮೇಲೆ ಹತ್ತಿ ನಿಂತು ನಿನ್ನ ಸೋಲನ್ನು ಊರಿಗೆಲ್ಲ ಗೆಲುವೆಂದು ಓದಿದೆ. ನೀನು ಬೋರ್ಡು ಇಳಿಸು ಎಂದರೂ ಇಳಿಸಲಿಲ್ಲ. ಆಮೇಲೆ ನೀನು ಬರಲಿಲ್ಲವೆಂದು ನಿನಗೆ 'ಶ್ರೀಮಾನ್' ಎಂದು ಬರೆದೆ. ಆ ಕಾಗದ ನೆನೆದರೆ ಕಿವಿ ಬಿಸಿಯಾಗುತ್ತದೆ.

ಇದಷ್ಟೇ ಅಲ್ಲ. ಬಸ್ಸಿನಲ್ಲಿ ಕೂತಾಗ ಇನ್ನೊಂದು ಹೊಳೆಯಿತು. ಆ ಹುಡುಗನ ಗುಂಡು ಎಡಕ್ಕೆ ಹೋದದ್ದು ಯಾಕೆ ಎಂದು ಬಲೆಯ ಹತ್ತಿರ ನಿಂತವರು ಹೇಳುತ್ತಿದ್ದರು, "ತಡವಾಗಿ ಬಿಟ್ಟ" ಎಂದು. ಎಡಕ್ಕೆ. ತಡವಾಗಿ. ನಿನ್ನ ಗುಂಡು ಯಾವ ಕಡೆ ಬಿತ್ತು ಎಂದು ನಾನು ಕೇಳುವುದಿಲ್ಲ. ನನಗೆ ಗೊತ್ತು. ಹೆಂಚಿಗಾಗಿ, ಎಡಗಡೆಯ ಹುಣಸೆಮರ ಕಾಣುವವರೆಗೆ ತಡೆ ಎಂದು ನಾನೇ ಕೂಗಿ ಕೂಗಿ ಕಲಿಸಿದ್ದು.

ಬೋರ್ಡನ್ನು ಇನ್ನೂ ಇಳಿಸಿಲ್ಲ. ಇಳಿಸಿದರೆ ಯಾಕೆಂದು ಜನ ಕೇಳುತ್ತಾರೆ, ಹೇಳಬೇಕಾಗುತ್ತದೆ. ನನಗೆ ಧೈರ್ಯವಿಲ್ಲ. ದಿನಾ ಅದರ ಕೆಳಗೆ ತಲೆ ತಗ್ಗಿಸಿ ಒಳಗೆ ಹೋಗುತ್ತೇನೆ. ಅಬ್ಬಾ ಆ ಸುಳ್ಳನ್ನೇ ನಂಬಿಕೊಂಡು ಹೋದರಲ್ಲ ಎಂಬುದೊಂದೇ ಸಮಾಧಾನ. ಅದೂ ಎಂಥ ಸಮಾಧಾನವೋ.

ಖಲಂದರ್


ಬಿಳಿಚೋಡು
9-2-1983

ಖಲಂದರನಿಗೆ,

ನಿನ್ನ ಕಾಗದ ಜಬಲ್ಪುರಕ್ಕೆ ಹೋಗಿ, ಅಲ್ಲಿಂದ ಇಲ್ಲಿಗೆ ಬಂತು. ನಾನು ಪೆನ್ಶನ್ ಮೇಲೆ ಬಂದು ಎರಡು ತಿಂಗಳಾಯಿತು. ಸೊಂಟ ಹಿಡಿದಿದೆ. ಕುರಿಮರಿ ಎತ್ತಿದರೂ ನೋಯುತ್ತದೆ.

ಹರಿದುಹಾಕು ಎಂದು ಬರೆದಿದ್ದೀಯ. ನಿನ್ನ ಒಂದು ಕಾಗದ ಹರಿದದ್ದೇ ಸಾಕು. ಬೆಲ್ಲ ಹಂಚಿದ ಕಾಗದ ಬಂದಾಗ, ನೀನು ನನ್ನನ್ನು ಹಂಗಿಸುತ್ತಿದ್ದೀಯ ಎಂದುಕೊಂಡೆ. ಮೂರಕ್ಕೆ ಮೂರು ಎಂದು ಬೋರ್ಡು ಹಾಕಿ ಊರೆಲ್ಲ ನಗುತ್ತಿದೆ ಎಂದುಕೊಂಡೆ. ಹರಿದು ಬಿಸಾಕಿದೆ. ಆಮೇಲೆ ಆರಿಸಿ ತಂದು ಅನ್ನದ ಅಗುಳಿನಿಂದ ಅಂಟಿಸಿದೆ. ನಿಜವಾಗಿ ನಂಬಿ ಬರೆದಿದ್ದೀಯ ಎಂದು ತಿಳಿಯಲು ತಿಂಗಳುಗಳು ಬೇಕಾದವು. ತಿಳಿದ ಮೇಲೆ ಇನ್ನೂ ಕೆಟ್ಟದಾಯಿತು. ಹಂಗಿಸುವವರ ಎದುರು ನಿಲ್ಲಬಹುದು.

ನಾನು ಒಂದು ಸಾಲು ಬರೆದಿದ್ದರೆ ಸಾಕಾಗಿತ್ತು. ಬರೆಯಲಿಲ್ಲ. ಇಲ್ಲಿ ಜಗಳೂರಿನಲ್ಲಿ ಇಳಿದಾಗ ಯಾರೋ, "ಗೆರೆ ದಾಟಿಸಿದ ದುರುಗಪ್ಪ ನೀವೇ ಏನ್ರೀ?" ಎಂದು ಕೇಳಿದರು. ನಾನು ಹೌದು ಎಂದೆ. ಸುಳ್ಳು ನಿನ್ನೊಬ್ಬನದಲ್ಲ.

ಹೌದು, ಮೂರೂ ಎಡಕ್ಕೆ. ಅಷ್ಟು ಜನ ಕೂತಿದ್ದರು, ಬ್ಯಾಂಡು ಬಾರಿಸುತ್ತಿದ್ದರು. ಉಸ್ತಾದರ ಬೆತ್ತ ಮರೆತುಹೋಯಿತು, ನಿನ್ನ ಕೂಗು ಮರೆಯಲಿಲ್ಲ. ಆ ಮೈದಾನದಲ್ಲಿ ಹುಣಸೆಮರವೇ ಇರಲಿಲ್ಲ. ಆದರೂ ನಾನು ಅದನ್ನು ಕಂಡೆ.

ಈಗ ನಿನಗೆ ಒಂದು ವಿಷಯ ಹೇಳಬೇಕು. ಹೇಳಿದರೆ ನಿನ್ನ ಸಮಾಧಾನ ಹೋಗುತ್ತದೆ. ಆದರೂ ಹೇಳುತ್ತೇನೆ.

ಅಬ್ಬಾ ಸುಳ್ಳು ನಂಬಿಕೊಂಡು ಹೋಗಲಿಲ್ಲ. ಅವರಿಗೆ ಗೊತ್ತಿತ್ತು. ಅವರು ಜಗಳೂರಿಗೆ ಹೋದದ್ದು ಕತ್ತರಿಗಲ್ಲ, ತಿಪ್ಪೇರುದ್ರಸ್ವಾಮಿ ಮೇಷ್ಟ್ರನ್ನು ಕೇಳಲು. ಗೆರೆ ಎದುರಿಗೋ ಪಕ್ಕಕ್ಕೋ ಎಂದು. ಮೇಷ್ಟ್ರು ಹೇಳಿದರು. ಆಮೇಲೆ ಅಬ್ಬಾ ಮೇಷ್ಟ್ರ ಕೈಯಲ್ಲೇ ನನಗೆ ಒಂದು ಕಾರ್ಡು ಬರೆಸಿದರು. ಅದು ನನ್ನ ಟ್ರಂಕಿನಲ್ಲಿದೆ. ಅದರಲ್ಲಿದ್ದದ್ದನ್ನು ಹಾಗೇ ಬರೆಯುತ್ತೇನೆ.

"ಬೇಟಾ ದುರುಗಪ್ಪ, ಸುತ್ತಿಗೆ ಅಂದ್ರೆ ಸುತ್ತಿಗೆ ಅಂತ ನಾನು ಒಂದು ಸಲ ಕೆಟ್ಟಿದ್ದೆ, ಅದಕ್ಕೆ ಗೆರೆ ಅಂದಾಗ ಕೇಳಿದೆ. ನನ್ನ ಮಗ ಯಾವತ್ತೂ ನಾಕು ಜನದ ಮುಂದೆ ಮಾತಾಡಿದೋನಲ್ಲ. ಅವತ್ತು ನಿಂತು ಓದಿದ. ಅವನ ಬಾಯಾಗಿಂದು ನಾನು ಹೆಂಗೆ ಕಿತ್ಕೊಳ್ಳಲಿ? ನೀನೇ ಬಂದು ಹೇಳು. ಸೊಟ್ಟ ಹೋದ ಕಬ್ಬಿಣ ನಾನು ಬಿಸಾಕಿದ್ದು ನೀನು ನೋಡಿದೀಯಾ?"

ಖಲಂದರ್, ನಾನು ಬರಲಿಲ್ಲ. ನಿನ್ನ 'ಶ್ರೀಮಾನ್' ಕಾಗದ ಬಂದಾಗ ರಜೆ ಬರೆದುಕೊಟ್ಟು ಹೊನ್ನಾಳಿಯವರೆಗೂ ಬಂದಿದ್ದೆ. ನ್ಯಾಮತಿ ಬಸ್ಸು ನಿಂತಿತ್ತು. ಕಂಡಕ್ಟರ್ "ಹತ್ರೀ" ಎಂದ. ನಾನು ಹೋಟೆಲಿನಲ್ಲಿ ಕೂತು ಮೂರು ಬಸ್ಸು ಬಿಟ್ಟೆ. ನಾಲ್ಕನೆಯದು ಎದುರು ದಿಕ್ಕಿಗೆ ಹೋಗುವುದಿತ್ತು, ಅದನ್ನು ಹತ್ತಿದೆ. ಕೊಲಂಬೊದ ಮೂರು ಎಸೆತಕ್ಕೆ ನನಗೆ ಈಗ ನಾಚಿಕೆಯಿಲ್ಲ. ಈ ಮೂರು ಬಸ್ಸಿಗೆ ಇದೆ.

ನಿನಗೆ ಧೈರ್ಯವಿಲ್ಲದಿದ್ದರೆ ಬೋರ್ಡನ್ನು ಮುಟ್ಟಬೇಡ. ನಾನು ಬರುತ್ತೇನೆ. ಜನ ಇದ್ದಾಗಲೇ ಬರುತ್ತೇನೆ. ಪಟ್ಟಾ ಕೂರಿಸುವ ದಿನ ಯಾವುದು ಎಂದು ಬರೆ.

ದುರುಗಪ್ಪ


ನ್ಯಾಮತಿ
28-3-1983

ದುರುಗಪ್ಪನಿಗೆ ಸಲಾಮು.

ನೀನು ಹೋಗಿ ನಾಲ್ಕು ದಿನವಾಯಿತು. ನಿನ್ನ ಟವೆಲು ಇಲ್ಲೇ ಉಳಿದಿದೆ.

ನೀನು ಬಸ್ಸು ಹತ್ತಿದ ಮೇಲೆ ಏನಾಯಿತು ಎಂದು ಬರೆಯುತ್ತೇನೆ. ನೀನು ಬೋರ್ಡಿನ ಕೆಳಗೆ ನಿಂತು, "ಮೂರೂ ಔಟು ಕಣ್ರಪ್ಪ, ಒಂದೂ ಲೆಕ್ಕಕ್ಕಿಲ್ಲ" ಎಂದಾಗ ಎಲ್ಲರೂ ಪಟ್ಟಾ ಕಾಯುವ ಬೆಂಕಿಯ ಕಡೆ ತಿರುಗಿದರು, ನೀನು ಕಂಡೆಯಲ್ಲ. ನಾನು, "ತಪ್ಪು ಓದಿದ್ದು ನಾನು" ಎಂದು ಹೇಳಬೇಕೆಂದು ಬಾಯಿ ತೆರೆದೆ. ಹೇಳದೆ ಹೋಗಿ ತಿದಿ ಒತ್ತಲು ಕೂತೆ. ನೀನು ಅದನ್ನೂ ಕಂಡೆ, ಕಂಡು ಬೇರೆ ಕಡೆ ನೋಡಿದೆ. ಮರುದಿನ ಮಾರಪ್ಪ ಬಂದ.

"ಹಂಗಾದ್ರೆ ನಾವು ಇವನು ಔಟಾಗಿದ್ದಕ್ಕೆ ಬೆಲ್ಲ ತಿಂದ್ವಾ?"

"ಹೂಂ ಮಾರಪ್ಪ. ಓದಿದ್ದು ನಾನೇ."

ಅವನು ಸ್ವಲ್ಪ ಹೊತ್ತು ಬೋರ್ಡು ನೋಡಿದ. "ಬೆಲ್ಲ ಚೆನ್ನಾಗಿತ್ತು ಬಿಡು" ಎಂದ. ಅಷ್ಟೇ. ಮೂರು ತಿಂಗಳು ನಾನು ಹೆದರಿದ್ದು ಇದಕ್ಕೆ.

ಬೋರ್ಡು ಇಳಿಸಿದೆ. ಅಬ್ಬಾರ ಹೆಸರಿದ್ದ ಸಾಲನ್ನು ಕತ್ತರಿಸಿ ಮತ್ತೆ ಅಲ್ಲೇ ಹೊಡೆದಿದ್ದೇನೆ. ಗುಂಡು ಮಾಡಿದವರು ಇಮಾಮ್‌ಸಾಬ್, ನ್ಯಾಮತಿ. ಅದೊಂದು ಸುಳ್ಳಾಗಿರಲಿಲ್ಲ.

ಇನ್ನೊಂದು ವಿಷಯವಿದೆ. ಇದನ್ನು ನಿನಗೆ ತಿಳಿಸುವುದು ಬೇಡ ಎಂದು ಮೂರು ದಿನ ಸುಮ್ಮನಿದ್ದೆ.

ಅಬ್ಬಾರ ಗೋರಿಯಿಂದ ಬಂದ ಮೇಲೆ ನೀನು ಗೂಟದಿಂದ ಆ ಹಳೆ ಗುಂಡು ಇಳಿಸಿ, "ಈಗ ಹೆಂಚು ಕಂಡಾಗಲೇ ಬಿಡ್ತೀನಿ, ಒಡೆದರೆ ಒಡೀಲಿ" ಎಂದು ಅಂಗಳದಲ್ಲಿ ನಿಂತೆಯಲ್ಲ. ಸೊಂಟ ಹಿಡಿದುಕೊಂಡೇ ತಿರುಗಿದೆ. ನೇರ ಬಿಟ್ಟೆ. ಒಡೆಯಲಿ ಎಂದು ನಾನು ಮನಸ್ಸಿನಲ್ಲಿ ಬೇಡಿಕೊಂಡೆ. ಗುಂಡು ಹೆಂಚಿಗಿಂತ ಎಷ್ಟೋ ಈಚೆ ಬಿತ್ತು. "ವಯಸ್ಸಾತು" ಎಂದು ನೀನು ನಕ್ಕೆ. ನಾನೂ ಹಾಗೇ ಅಂದುಕೊಂಡೆ.

ನೀನು ಹೋದ ಮೇಲೆ ಬಾವಿ ಹಗ್ಗ ತಂದು ಅಳೆದೆ. ನೀನು ನಿಲ್ಲುತ್ತಿದ್ದ ಕಡೆಯಿಂದ ಹುಣಸೆಮರದ ಗಾಯಕ್ಕೆ ಹದಿನಾರು ಮಾರು. ಮೈಯಲ್ಲಿ ಪೂರ್ತಿ ಬಲವಿದ್ದಾಗಲೂ, ಗುಂಡು ಮರಕ್ಕೆ ತಾಗದೆ ಹೋದಾಗಲೂ, ನೀನು ಆ ಮರದ ಬುಡಕ್ಕಿಂತ ಆಚೆ ಎಂದೂ ಎಸೆದಿರಲಿಲ್ಲ. ನೀನು ನಿಲ್ಲುತ್ತಿದ್ದ ಅದೇ ಜಾಗದಿಂದ ನಮ್ಮ ಹೆಂಚಿಗೆ ಹಗ್ಗ ಹಿಡಿದೆ. ಇಪ್ಪತ್ತೆರಡು ಮಾರು.

ಆರು ಮಾರು ದುರುಗಾ. ನೀನು ಆಗ ಎಷ್ಟು ನೇರವಾಗಿ ಎಸೆದಿದ್ದರೂ ಒಂದು ಹೆಂಚೂ ಒಡೆಯುತ್ತಿರಲಿಲ್ಲ. ನಾನು ಅಳೆದಿರಲಿಲ್ಲ. ಸುಮ್ಮನೆ ಕೂಗಿದ್ದೆ.

ಇದನ್ನು ಬರೆಯದೆ ಇಟ್ಟುಕೊಳ್ಳಬಹುದಿತ್ತು. ಇಟ್ಟುಕೊಂಡರೆ ಏನಾಗುತ್ತದೆ ಎಂದು ನಿನಗೂ ಗೊತ್ತು, ನನಗೂ ಗೊತ್ತು.

ಬೈಯುವುದಿದ್ದರೆ ಬಂದು ಬೈಯಿ, ಕಾಗದದಲ್ಲಿ ಬೇಡ. ಓದುವಾಗ ನಾನು ತಪ್ಪು ತಿಳಿಯುತ್ತೇನೆ.

ಕುಲುಮೆ ಉರಿಯುತ್ತಿದೆ.

ಖಲಂದರ್